ಪರದೇಶದ ಗಾಲ್ಫ್ ಕೋರ್ಸ್‌ಗಳಲ್ಲಿ ಆಡಲು ಹೊರಡುವ ನಮ್ಮ ಕಡೆಯವರಿಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಗಾಲ್ಫ್ ಆಡುವವರು ಹೆಚ್ಚಿಲ್ಲ. ಆಡುವವರಲ್ಲಿ ಬಹುತೇಕರು ರಜೆಯ ದಿನ ನೋಡಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬರುವವರು. ಇವರಲ್ಲಿ ಕೆಲವರು ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುತ್ತಾರೆ, ಇನ್ನು ಕೆಲವರು ಉದ್ಯೋಗದ ಮೇಲೆ ದುಬೈಗೆ ಹೋಗುತ್ತಾರೆ. ಹೋದಲ್ಲಿ ಒಂದು ಸುತ್ತು ಆಡಿ ಬರಬೇಕೆಂಬ ಆಸೆ ಎಲ್ಲರಿಗೂ ಇದ್ದರೂ, ಎರೆಭೂಮಿಯ ಸೀಮೆಯಿಂದ ಬಂದ ನಮಗೆ ಅಲ್ಲಿಯ ಹಸಿರು ಕೋರ್ಸ್‌ಗಳು ಒಗ್ಗುವವೇ ಎಂಬ ಅಳುಕೂ ಇರುತ್ತದೆ. ಈ ಅಳುಕು ಅರ್ಧ ಮಾತ್ರ ಸರಿ. ಗಟ್ಟಿ ನೆಲದ ಮೇಲೆ, ಬೀಸುವ ಗಾಳಿಯಲ್ಲಿ ಚೆಂಡು ಹೊಡೆಯುವುದು ರೂಢಿಯಾದವರಿಗೆ ಸ್ಕಾಟ್ಲೆಂಡಿನ ಕರಾವಳಿ ಅಷ್ಟೇನೂ ಅಪರಿಚಿತವಾಗುವುದಿಲ್ಲ. ದಟ್ಟ ಹುಲ್ಲು, ಒದ್ದೆ ನೆಲ ಮತ್ತು ಚೆಂಡು ವೇಗವಾಗಿ ಉರುಳುವ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಇರುವ ದೇಶಗಳಿಗೆ ಮಾತ್ರ ಬೇರೆಯದೇ ತಯಾರಿ ಬೇಕಾಗುತ್ತದೆ. ಆದ್ದರಿಂದ ಕೋರ್ಸ್‌ನ ಹೆಸರು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮೊದಲು ಅಲ್ಲಿಯ ನೆಲ ಎಂಥದು ಎಂದು ವಿಚಾರಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಪಾಸ್‌ಪೋರ್ಟ್ ಮತ್ತು ವೀಸಾ ಎಷ್ಟು ಅಗತ್ಯವೋ ಆಟಗಾರರ ಮಟ್ಟವನ್ನು ಅಂಕಿಯಲ್ಲಿ ತಿಳಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರವೂ ಅಷ್ಟೇ ಅಗತ್ಯ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಿಂದಾಗಿ ಒಂದು ದೇಶದಲ್ಲಿ ಪಡೆದ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಇನ್ನೊಂದು ದೇಶದಲ್ಲೂ ನಡೆಯುತ್ತದೆ. ನಮ್ಮಲ್ಲಿ ಅದನ್ನು ಇಂಡಿಯನ್ ಗಾಲ್ಫ್ ಯೂನಿಯನ್‌ಗೆ ಸೇರಿದ ಕ್ಲಬ್‌ಗಳ ಮೂಲಕ ಪಡೆಯಬೇಕು. ಮೊದಲ ಇಂಡೆಕ್ಸ್ ಸಿಗಲು ಒಟ್ಟು 54 ಹೋಲ್‌ಗಳ (ಚೆಂಡು ಬೀಳಿಸುವ ಕುಳಿಗಳ), ಅಂದರೆ ಮೂರು ಪೂರ್ಣ ಸುತ್ತುಗಳ ಸ್ಕೋರ್ ಸಾಕು. ಆಟ ಪಳಗದಷ್ಟೂ ಇಂಡೆಕ್ಸ್ ಹೆಚ್ಚು, ಅದು ಗರಿಷ್ಠ 54.0ರವರೆಗೆ ಇರಬಹುದಾದ್ದರಿಂದ ಹೊಸಬರೂ ಹಿಂಜರಿಯಬೇಕಾಗಿಲ್ಲ. ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತಾರೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರವಾಗುತ್ತದೆ. ಅಲ್ಲಿ ಗೋಲ್ಕೊಂಡ ಕೋಟೆಯ ನಯಾ ಕಿಲಾದಲ್ಲಿ ಒಂದು ಕೋರ್ಸ್ ಇದೆ. ಗಚ್ಚಿಬೌಲಿಯ ಬೌಲ್ಡರ್ ಹಿಲ್ಸ್ ಕೋರ್ಸ್‌ನಲ್ಲಂತೂ ನಮ್ಮ ಆನೆಗೊಂದಿಯ ಕಡೆಯಂಥ ಹೆಬ್ಬಂಡೆಗಳ ನಡುವೆಯೇ ಆಡಬೇಕು. ಈ ಮೂರು ಸುತ್ತುಗಳನ್ನು ಪ್ರಯಾಣಕ್ಕೆ ಹಲವು ತಿಂಗಳು ಇರುವಾಗಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಒಳ್ಳೆಯ ಕೋರ್ಸ್‌ಗಳು ಬುಕಿಂಗ್ ಸಮಯದಲ್ಲಿಯೇ ಈ ಪ್ರಮಾಣಪತ್ರವನ್ನು ಕೇಳುತ್ತವೆ.

ಇಂಡೆಕ್ಸ್ ಕೈಯಲ್ಲಿದ್ದರೆ ಹೋದ ಕಡೆ ಎಷ್ಟು ಹೆಚ್ಚುವರಿ ಹೊಡೆತಗಳು ದೊರೆಯುತ್ತವೆ ಎಂಬ ಲೆಕ್ಕ ಸುಲಭ. ಪ್ರತಿ ಕೋರ್ಸ್‌ಗೂ 55ರಿಂದ 155ರ ನಡುವೆ ಒಂದು ಸ್ಲೋಪ್ ರೇಟಿಂಗ್ ಇರುತ್ತದೆ, ಸಾಮಾನ್ಯ ಕಷ್ಟದ ಕೋರ್ಸ್‌ಗೆ ಅದು 113. ನಿಮ್ಮ ಇಂಡೆಕ್ಸ್ 18 ಎಂದೂ ಆ ಕೋರ್ಸ್‌ನ ಸ್ಲೋಪ್ 132 ಎಂದೂ ಇಟ್ಟುಕೊಳ್ಳೋಣ. 18ನ್ನು 132ರಿಂದ ಗುಣಿಸಿ 113ರಿಂದ ಭಾಗಿಸಿದರೆ ಸುಮಾರು 21 ಬರುತ್ತದೆ, ಕೋರ್ಸ್ ರೇಟಿಂಗ್ (ನುರಿತ ಆಟಗಾರರಿಗೆ ಬೇಕಾಗಬಹುದಾದ ಹೊಡೆತಗಳು) ಪಾರ್‌ಗಿಂತ (ಕೋರ್ಸ್‌ಗೆ ಗೊತ್ತುಪಡಿಸಿದ ಹೊಡೆತಗಳು) ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಇದಕ್ಕೆ ಸೇರಿಸಬೇಕು, ಕಡಿಮೆಯಿದ್ದರೆ ಕಳೆಯಬೇಕು. ಸ್ಲೋಪ್ ಹೆಚ್ಚಿದ್ದರೆ ಹಿಂದಿನ ಟೀಗಳ (ಮೊದಲ ಹೊಡೆತ ಹೊಡೆಯುವ ಜಾಗಗಳ) ಗೊಡವೆಗೆ ಹೋಗದೆ ಮುಂದಿನ ಟೀಗಳಿಂದಲೇ ಆಡುವುದು ಲೇಸು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಹಿಂದಿನವರನ್ನು ಕಾಯಿಸದೆ ಆಡುವುದೇ ಎಲ್ಲ ದೇಶಗಳಲ್ಲೂ ಮೊದಲ ಮರ್ಯಾದೆ.

ಇನ್ನು ಯಾವ ಕೋರ್ಸ್‌ಗಳಲ್ಲಿ ನಮಗೆ ಪ್ರವೇಶವಿದೆ ಎಂಬ ಪ್ರಶ್ನೆ. ಟಿವಿಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯ ನೋಡಿ ಆಗಸ್ಟಾ ನ್ಯಾಷನಲ್‌ನ ಕನಸು ಕಾಣುವವರಿಗೆ ಹೇಳಬೇಕಾದ ಮಾತು ಇಷ್ಟೇ: ಅದು ಖಾಸಗಿ ಕ್ಲಬ್, ಸದಸ್ಯರು ಕರೆದರೆ ಮಾತ್ರ ಆಡಬಹುದು. ಆದರೆ ಅದೇ ಅಮೆರಿಕದಲ್ಲಿ ಯುಎಸ್ ಓಪನ್ ನಡೆದಿರುವ ಸಾರ್ವಜನಿಕ ಕೋರ್ಸ್‌ಗಳೂ ಇವೆ. ಕ್ಯಾಲಿಫೋರ್ನಿಯಾದ ಟೊರೆ ಪೈನ್ಸ್ ಸ್ಯಾನ್ ಡಿಯಾಗೋ ನಗರಾಡಳಿತಕ್ಕೆ ಸೇರಿದ್ದು, 2008 ಮತ್ತು 2021ರ ಯುಎಸ್ ಓಪನ್ ಅಲ್ಲಿ ನಡೆದವು. ನ್ಯೂಯಾರ್ಕ್ ಬಳಿಯ ಬೆತ್‌ಪೇಜ್ ಬ್ಲ್ಯಾಕ್ ಒಂದು ಸರ್ಕಾರಿ ಉದ್ಯಾನದ ಕೋರ್ಸ್. ಈ ಕೋರ್ಸ್ ಅತ್ಯಂತ ಕಠಿಣ, ನುರಿತವರು ಮಾತ್ರ ಆಡಲಿ ಎಂದು ಅಲ್ಲಿ ಫಲಕ ಹಾಕಿದ್ದಾರೆ. ಅಲ್ಲಿ ಗಾಡಿಯೂ ಇಲ್ಲ, ಎಲ್ಲರೂ ನಡೆದೇ ಆಡಬೇಕು. ಆ ಫಲಕದ ಮಾತನ್ನು ನಂಬಿ. ಮಧ್ಯಮ ಆಟಗಾರರಿಗೆ ಅದೇ ಉದ್ಯಾನದಲ್ಲಿ ಇನ್ನೂ ನಾಲ್ಕು ಕೋರ್ಸ್‌ಗಳಿವೆ. ಪೆಬಲ್ ಬೀಚ್‌ನಲ್ಲಿ ಯಾರು ಬೇಕಾದರೂ ಆಡಬಹುದು. ಆದರೆ ಶುಲ್ಕ 600 ಡಾಲರ್ ದಾಟುತ್ತದೆ, ಮುಂಚಿತವಾಗಿ ಟೀ ಟೈಮ್ (ಆಟ ಆರಂಭಿಸಲು ಕಾಯ್ದಿರಿಸಿದ ಸಮಯ) ಬೇಕೆಂದರೆ ಅವರದೇ ರೆಸಾರ್ಟ್‌ನಲ್ಲಿ ಉಳಿಯಬೇಕಾಗುತ್ತದೆ. ಆ ಹಣದಲ್ಲಿ ಬೇರೆ ಕಡೆ ಹಲವು ಸುತ್ತುಗಳನ್ನು ಆಡಬಹುದು ಎನ್ನುವುದನ್ನು ತೂಗಿ ನೋಡಿ.

ಒಂದೇ ಒಂದು ಪರದೇಶ ಪ್ರವಾಸಕ್ಕೆ ಅವಕಾಶವಿದೆ ಎನ್ನುವವರಿಗೆ ನಾನು ಹೇಳುವುದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಗಾಲ್ಫ್‌ನ ತವರು ಎನಿಸಿಕೊಂಡ ಅಲ್ಲಿಯ ಓಲ್ಡ್ ಕೋರ್ಸ್ ಸಾರ್ವಜನಿಕರದು, ಒಂದು ಟ್ರಸ್ಟ್ ಅದನ್ನು ನಡೆಸುತ್ತದೆ. ಟೀ ಟೈಮ್ ಪಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಹಿಂದಿನ ವರ್ಷವೇ ಅರ್ಜಿ ಹಾಕಿ ಕಾಯುವುದು ಒಂದು. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು ಚೀಟಿ ಎತ್ತುವ ಲಾಟರಿಯಲ್ಲಿ ಹೆಸರು ಸೇರಿಸುವುದು ಇನ್ನೊಂದು. ಈ ಲಾಟರಿಗೆ ಇಬ್ಬರಿಂದ ನಾಲ್ವರ ಗುಂಪು ಬೇಕು, ಒಬ್ಬರೇ ಬಂದವರಿಗೆ ಬೇರೆ ವ್ಯವಸ್ಥೆ ಇದೆ. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ, ಊರಿನವರು ಅಲ್ಲಿ ಅಡ್ಡಾಡುತ್ತಾರೆ. ಹೀಗಾಗಿ ಭಾನುವಾರ ತಲುಪಿ, ಅಂದು ಕೋರ್ಸ್ ಸುತ್ತಿ ನೋಡಿ, ಅಲ್ಲಿಂದ ಐದು ದಿನ ಲಾಟರಿಗೆ ಪ್ರಯತ್ನಿಸುವಂತೆ ಪ್ರವಾಸವನ್ನು ಹೊಂದಿಸಿಕೊಳ್ಳಿ. ಹೆಸರು ಬಾರದ ದಿನ ಪಕ್ಕದಲ್ಲೇ ಇರುವ ನ್ಯೂ ಕೋರ್ಸ್‌ನಲ್ಲೋ ಜುಬಿಲಿಯಲ್ಲೋ ಆಡಿ. ನ್ಯೂ ಕೋರ್ಸ್ ಎಂಬುದು ಹೆಸರಿಗೆ ಮಾತ್ರ ಹೊಸದು, ಅದು 1895ರದು, ಆಟಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಸೇಂಟ್ ಆಂಡ್ರೂಸ್‌ನಂಥ ಕೋರ್ಸ್‌ಗಳನ್ನು ಲಿಂಕ್ಸ್ ಎನ್ನುತ್ತಾರೆ. ಸಮುದ್ರದ ಬದಿಯ ಮರಳುನೆಲ, ಚಿಕ್ಕದಾದ ಒರಟು ಹುಲ್ಲು, ಮರಗಳ ಮರೆಯಿಲ್ಲದ ಬಯಲು, ದಿನವಿಡೀ ಗಾಳಿ. ಇಲ್ಲಿ ಚೆಂಡನ್ನು ಎತ್ತರಕ್ಕೆ ಹಾರಿಸಿದರೆ ಗಾಳಿ ಎಲ್ಲಿಗೋ ಒಯ್ಯುತ್ತದೆ. ತಗ್ಗಾಗಿ ಹೊಡೆದು, ಗ್ರೀನ್‌ಗೆ ಬಹಳ ಮುಂಚೆಯೇ ನೆಲಕ್ಕೆ ಬೀಳಿಸಿ, ಉರುಳಿಕೊಂಡು ಹೋಗುವಂತೆ ಮಾಡಬೇಕು. ಇದರ ಅಭ್ಯಾಸಕ್ಕೆ ಆಷಾಢದಲ್ಲಿ ನಮ್ಮೂರಿನ ಬಯಲಿಗಿಂತ ಒಳ್ಳೆಯ ಜಾಗ ಬೆಂಗಳೂರಿನ ಹುಲ್ಲಿನ ಮೇಲೂ ಸಿಗಲಾರದು. ಊರ ಹೊರಗೆ, ಜನ ಜಾನುವಾರು ಇಲ್ಲದ ಪಾಳು ನೆಲದಲ್ಲಿ, ಒಡೆಯರ ಒಪ್ಪಿಗೆ ಪಡೆದು, ಗಾಳಿಗೆ ಎದುರಾಗಿ ನಿಂತುಕೊಳ್ಳಿ. 7 ನಂಬರ್ ಐರನ್ (ಲೋಹದ ಚಪ್ಪಟೆ ತಲೆಯ ಕೋಲು) ಹಿಡಿದು ಚೆಂಡನ್ನು ಎಂದಿಗಿಂತ ಸ್ವಲ್ಪ ಬಲಗಾಲಿನ ಕಡೆಗೆ ಇಟ್ಟುಕೊಳ್ಳಿ. ಹಿಡಿಕೆಯನ್ನು ಒಂದು ಅಂಗುಲ ಕೆಳಗೆ ಹಿಡಿದು, ಮುಕ್ಕಾಲು ಭಾಗ ಮಾತ್ರ ಕೋಲೆತ್ತಿ, ಹೊಡೆದ ಮೇಲೆ ಕೈಗಳು ಎದೆಯ ಎತ್ತರದಲ್ಲೇ ನಿಲ್ಲುವಂತೆ ನೋಡಿಕೊಳ್ಳಿ. ಎಡಗೈ ಆಟಗಾರರು ಕಾಲು ಬದಲಿಸಿ ಓದಿಕೊಳ್ಳಬೇಕು. ಬರಿನೆಲದ ಮೇಲೆ ಕೋಲು ಚೆಂಡಿಗಿಂತ ಮೊದಲು ಮಣ್ಣನ್ನು ಮುಟ್ಟಿದರೆ ಕೈಗೆ ಪೆಟ್ಟು ತಟ್ಟುತ್ತದೆ, ಹೀಗಾಗಿ ತಪ್ಪು ಕೂಡಲೇ ತಿಳಿಯುತ್ತದೆ. ಮೆತ್ತನೆಯ ಹುಲ್ಲು ಅದೇ ತಪ್ಪನ್ನು ಮುಚ್ಚಿಬಿಡುತ್ತದೆ. ಕಲ್ಲಿರುವ ಜಾಗವಾದರೆ ಹಳೆಯ ಕೋಲನ್ನೇ ಬಳಸಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಕೋಲಾದ ಪಟರ್‌ನ ಅಭ್ಯಾಸವೂ ಅಷ್ಟೇ ಮುಖ್ಯ. ಓಲ್ಡ್ ಕೋರ್ಸ್‌ನಲ್ಲಿ ಎರಡೆರಡು ಹೋಲ್‌ಗಳು ಹಂಚಿಕೊಳ್ಳುವ ಏಳು ದೊಡ್ಡ ಗ್ರೀನ್‌ಗಳಿವೆ. ಹಂಚಿಕೊಳ್ಳುವ ಹೋಲ್‌ಗಳ ಸಂಖ್ಯೆ ಕೂಡಿದರೆ ಯಾವಾಗಲೂ 18 ಬರುತ್ತದೆ. ಎರಡಕ್ಕೆ ಹದಿನಾರು, ಮೂರಕ್ಕೆ ಹದಿನೈದು, ಹೀಗೆ. 1, 9, 17 ಮತ್ತು 18ಕ್ಕೆ ಮಾತ್ರ ಪ್ರತ್ಯೇಕ ಗ್ರೀನ್. ಅಷ್ಟು ವಿಶಾಲವಾದ ಗ್ರೀನ್ ಮೇಲೆ ಮೂವತ್ತು ಹೆಜ್ಜೆ ದೂರದ ಪಟ್ ಬರುವುದು ಸಾಮಾನ್ಯ ಸಂಗತಿ. ಗ್ರೀನ್‌ನಿಂದ ಹೊರಗಿದ್ದರೂ ಚೆಂಡನ್ನು ಮೇಲಕ್ಕೆತ್ತುವ ಕೋಲಾದ ವೆಡ್ಜ್ ಬಿಟ್ಟು ಪಟರ್‌ನಿಂದಲೇ ಉರುಳಿಸುವುದು ಅಲ್ಲಿಯ ರೂಢಿ, ಕೋಲುಗಳನ್ನು ಹೊತ್ತು ಸಲಹೆ ಕೊಡುವ ಕ್ಯಾಡಿಗಳೂ ಅದನ್ನೇ ಹೇಳುತ್ತಾರೆ. ಕ್ಯಾಡಿಯ ಮಾತು ಕೇಳಿ. ಟೀಯಿಂದ ಕಣ್ಣಿಗೇ ಬೀಳದ ಬಂಕರ್‌ಗಳು (ಮರಳುಗುಂಡಿಗಳು) ಅಲ್ಲಿ ಬಹಳ. ಹದಿನಾಲ್ಕನೆಯ ಹೋಲ್‌ನ ಹೆಲ್ ಬಂಕರ್‌ನಲ್ಲಿ ಸಿಕ್ಕಿಕೊಂಡರೆ ಮುಂದಕ್ಕೆ ಹೊಡೆಯುವ ಹಟ ಬೇಡ, ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಬನ್ನಿ.

ಏಷ್ಯಾದ ರೀತಿಯೇ ಬೇರೆ. ಥಾಯ್ಲೆಂಡಿನಲ್ಲಿ ಬಹುತೇಕ ಕಡೆ ಆಟಗಾರರೊಬ್ಬರಿಗೆ ಒಬ್ಬ ಕ್ಯಾಡಿ ಕಡ್ಡಾಯ. ಹೆಚ್ಚಿನವರು ಮಹಿಳೆಯರು, ಗ್ರೀನ್‌ನ ಇಳಿಜಾರನ್ನು ಅವರಷ್ಟು ಚೆನ್ನಾಗಿ ಓದುವವರು ಕಡಿಮೆ. ಆಟ ಮುಗಿದ ಮೇಲೆ ಟಿಪ್ಸ್ ಅನ್ನು ನಗದಾಗಿ ಅವರ ಕೈಗೇ ಕೊಡಬೇಕು. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಅಲ್ಲಿ ಒಂಬತ್ತು ಹೋಲ್ ಮುಗಿದ ಕೂಡಲೇ ಆಟ ನಿಲ್ಲಿಸಿ ಊಟಕ್ಕೆ ಕೂರುತ್ತಾರೆ, ಆಟದ ನಂತರ ಬಿಸಿನೀರಿನ ಸಾಮೂಹಿಕ ಸ್ನಾನ ಇರುತ್ತದೆ. ಆದ್ದರಿಂದ ಒಂದು ಸುತ್ತಿಗೆ ಇಡೀ ದಿನ ಮೀಸಲಿಡಿ. ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಬೀಳಿಸಿದ ಅದೃಷ್ಟವಂತರು ಎಲ್ಲರಿಗೂ ಸತ್ಕಾರ ಮಾಡಬೇಕಾದ್ದರಿಂದ ಅದಕ್ಕೂ ಅಲ್ಲಿ ವಿಮೆ ಮಾಡಿಸುವವರಿದ್ದಾರೆ. ಹತ್ತಿರದ ಶ್ರೀಲಂಕಾ ಮೊದಲ ಪರದೇಶ ಪ್ರವಾಸಕ್ಕೆ ಬಹಳ ಅನುಕೂಲ. 1879ರಲ್ಲಿ ಸ್ಥಾಪನೆಯಾದ ರಾಯಲ್ ಕೊಲಂಬೋ ಕ್ಲಬ್‌ನ ಕೋರ್ಸ್ ನಡುವೆ ರೈಲು ಹಳಿಯೇ ಹಾದುಹೋಗುತ್ತದೆ, ನುವಾರ ಎಲಿಯಾದಲ್ಲಿ ಚಹಾ ಸೀಮೆಯ ತಂಪಿನಲ್ಲಿ ಆಡಬಹುದು.

ದುಬೈಗೆ ಹೋಗುವವರಿಗೆ ಬಿಸಿಲನ್ನು ವಿವರಿಸಬೇಕಾಗಿಲ್ಲ, ಆದರೆ ರಾಯಚೂರಿನ ಮೇ ತಿಂಗಳನ್ನು ಕಂಡಿದ್ದೇವೆ ಎಂಬ ಧೈರ್ಯದಿಂದ ಅಲ್ಲಿ ಜುಲೈ ಮಧ್ಯಾಹ್ನ ಆಡಲು ಇಳಿಯಬೇಡಿ. ಸಮುದ್ರದ ತೇವ ಸೇರಿದ ಆ ಸೆಕೆ ನಮ್ಮ ಒಣ ಬಿಸಿಲಿಗಿಂತ ಹೆಚ್ಚು ಬಳಲಿಸುತ್ತದೆ. 1988ರಲ್ಲಿ ಆರಂಭವಾದ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಫಾಲ್ಡೋ ಕೋರ್ಸ್‌ನಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಆಡುವ ಏರ್ಪಾಡಿದೆ, ಬೇಸಿಗೆಯಲ್ಲಿ ಅದನ್ನೇ ಆಯ್ದುಕೊಳ್ಳಿ. ಹುಲ್ಲಿಲ್ಲದೆ ಗಾಲ್ಫ್ ಇಲ್ಲ ಎನ್ನುವವರು ಆಸ್ಟ್ರೇಲಿಯಾದ ಕೂಬರ್ ಪೀಡಿಯನ್ನು ನೋಡಬೇಕು. ಆ ಮರುಭೂಮಿಯ ಕೋರ್ಸ್‌ನಲ್ಲಿ ಎಣ್ಣೆ ಬೆರೆಸಿದ ಮರಳೇ ಗ್ರೀನ್. ಆಟಗಾರರು ಕೃತಕ ಹುಲ್ಲಿನ ತುಂಡೊಂದನ್ನು ಹಿಡಿದು ಸಾಗಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಅದೇ ದೇಶದ ನಲ್ಲಾರ್‌ಬೋರ್ ಲಿಂಕ್ಸ್‌ನ 18 ಹೋಲ್‌ಗಳು ಹೆದ್ದಾರಿಯುದ್ದಕ್ಕೂ 1,365 ಕಿಲೋಮೀಟರ್ ಹರಡಿಕೊಂಡಿವೆ. ಅದನ್ನು ಮುಗಿಸಲು ಕೆಲವು ದಿನಗಳೂ ಒಂದು ಒಳ್ಳೆಯ ಕಾರೂ ಬೇಕು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೋಗುವವರು ಶೂಗಳ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹೊರಗಿನ ಮಣ್ಣು ಮತ್ತು ಬೀಜಗಳು ಒಳಗೆ ಬಾರದಂತೆ ಅಲ್ಲಿಯ ವಿಮಾನ ನಿಲ್ದಾಣಗಳಲ್ಲಿ ಕಟ್ಟುನಿಟ್ಟಿನ ತಪಾಸಣೆ ನಡೆಯುತ್ತದೆ. ನಮ್ಮ ಎರೆಮಣ್ಣು ಒಮ್ಮೆ ಶೂ ತಳದ ಮುಳ್ಳುಗಳ ಸಂದಿಯಲ್ಲಿ ಸೇರಿ ಒಣಗಿದರೆ ಸುಲಭಕ್ಕೆ ಬಿಡುವುದಿಲ್ಲ. ಮುಳ್ಳುಗಳನ್ನು ಬಿಚ್ಚಿ, ತಳವನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದಿ ಸಂದಿಯನ್ನೂ ಉಜ್ಜಿ, ಪೂರ್ತಿ ಒಣಗಿಸಿ ಪ್ಯಾಕ್ ಮಾಡಿ. ಕೋಲುಗಳ ಗೀರುಗಳನ್ನೂ ಚೆಂಡಿಡುವ ಮೊಳೆಗಳಾದ ಟೀಗಳನ್ನೂ ಬ್ಯಾಗಿನ ತಳವನ್ನೂ ಹೀಗೆಯೇ ಶುಚಿಮಾಡಿ. ಇಷ್ಟಾದ ಮೇಲೂ ಪ್ರವೇಶದ ಫಾರಂನಲ್ಲಿ ಬಳಸಿದ ಕ್ರೀಡಾ ಸಾಮಗ್ರಿ ಇದೆ ಎಂದು ಘೋಷಿಸಲೇಬೇಕು. ನ್ಯೂಜಿಲೆಂಡ್‌ನಲ್ಲಿ ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ವಿಧಿಸಬಹುದು.

ಕೋಲುಗಳನ್ನು ವಿಮಾನದ ಒಳಗೆ ಒಯ್ಯಲು ಬಿಡುವುದಿಲ್ಲ, ಲಗೇಜಿಗೇ ಹಾಕಬೇಕು. ಡ್ರೈವರ್ ಎಂಬ ಉದ್ದನೆಯ ಕೋಲಿನ ತಲೆ ಬಿಚ್ಚಲು ಬಂದರೆ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿಡಿ. ಎಲ್ಲ ಕೋಲುಗಳಿಗಿಂತ ಉದ್ದವಾದ ಗಟ್ಟಿ ದೊಣ್ಣೆಯೊಂದನ್ನು ಬ್ಯಾಗಿನ ನಡುವೆ ನಿಲ್ಲಿಸಿದರೆ ಬ್ಯಾಗ್ ತಲೆಕೆಳಗಾಗಿ ಬಿದ್ದರೂ ಪೆಟ್ಟು ಅದಕ್ಕೆ ತಗಲುತ್ತದೆ. ಒಂದೆರಡು ಸುತ್ತಿಗಾಗಿ ಮಾತ್ರ ಹೋಗುವವರು ಅಲ್ಲಿಯೇ ಬಾಡಿಗೆಗೆ ಪಡೆದು, ತಮ್ಮ ಶೂ, ಕೈಗವಸು ಮತ್ತು ಪಟರ್ ಅಷ್ಟನ್ನೇ ಒಯ್ಯುವುದು ಜಾಣತನ. ಕಾಲರ್ ಇರುವ ಅಂಗಿ ಎಲ್ಲ ಕಡೆಯೂ ನಡೆಯುತ್ತದೆ, ಜೀನ್ಸ್ ಬೇಡ.

ಅಲ್ಲಿ ಆಡುವಾಗ ದೂರದ ಲೆಕ್ಕವನ್ನೂ ಗಮನಿಸಿ. ಬ್ರಿಟನ್, ಅಮೆರಿಕ ಮತ್ತು ಜಪಾನಿನಲ್ಲಿ ಗಜಗಳು, ಆಸ್ಟ್ರೇಲಿಯಾದಲ್ಲಿ ಮೀಟರ್‌ಗಳು. ಫಲಕದಲ್ಲಿ 150 ಮೀಟರ್ ಎಂದಿದ್ದರೆ ಅದು ಸುಮಾರು 164 ಗಜ, ಅಂದರೆ ಒಂದು ಕೋಲಿನಷ್ಟು ಹೆಚ್ಚು. ತಂಪು ಹವೆಯಲ್ಲಿ ಚೆಂಡು ಕಡಿಮೆ ದೂರ ಹೋಗುತ್ತದೆ, ಎತ್ತರದ ಪ್ರದೇಶದಲ್ಲಿ ಹೆಚ್ಚು ಹೋಗುತ್ತದೆ. ಕಳೆದ ಚೆಂಡನ್ನು ಹುಡುಕಲು ಮೂರೇ ನಿಮಿಷ. ಬಂಕರ್‌ನ ಮರಳನ್ನು ಸಮಮಾಡಿ, ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗುಂಡಿಯನ್ನು ಸರಿಪಡಿಸಿ. ಸ್ಕೋರ್ ಕಾರ್ಡ್‌ಗೆ ಜೊತೆಯವರ ಸಹಿ ಹಾಕಿಸಿಕೊಳ್ಳಿ, ಕೋರ್ಸ್ ರೇಟಿಂಗ್ ಮತ್ತು ಸ್ಲೋಪ್ ಅದರಲ್ಲಿ ಕಾಣುತ್ತವೆಯೇ ಎಂದು ನೋಡಿ. ಊರಿಗೆ ಮರಳಿದ ಮೇಲೆ ಅದನ್ನು ನಿಮ್ಮ ಕ್ಲಬ್‌ಗೆ ಕೊಟ್ಟರೆ ಪರದೇಶದಲ್ಲಿ ಆಡಿದ ಸುತ್ತೂ ನಿಮ್ಮ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಸೇರುತ್ತದೆ.