ಸಾರ್ಡೀನಿಯದ ಉಡುಪಿನ ಗೊಂಬೆ: ನಿರಿಗೆಯಿಂದ ಆರಂಭಿಸಿ

ಇಟಲಿಯ ಪ್ರಾಂತೀಯ ಉಡುಪುಗಳ ಗೊಂಬೆಗಳಿಗೆ ಹೆಸರಾದದ್ದು 1919ರಲ್ಲಿ ತೂರಿನ್ ನಗರದಲ್ಲಿ ಆರಂಭವಾದ ಲೆಂಚಿ ಸಂಸ್ಥೆ; ಅದರ ಗೊಂಬೆಗಳು ಒತ್ತಿದ ಉಣ್ಣೆಯ ಫೆಲ್ಟ್‌ನಿಂದ ಮಾಡಿದವು. ಮನೆಯಲ್ಲಿ ಮಾಡುವವರು ಹತ್ತಿ ತುಂಬಿದ, ಸುಮಾರು 30 ಸೆಂ.ಮೀ. ಎತ್ತರದ ಬಟ್ಟೆಯ ಗೊಂಬೆಯನ್ನು ಆರಿಸಿಕೊಂಡರೆ ಸಾಕು.

ಮೊದಲು ಊರನ್ನು ನಿರ್ಧರಿಸಿ. ಇಟಲಿಯ ದ್ವೀಪವಾದ ಸಾರ್ಡೀನಿಯದಲ್ಲಿ ಊರಿಂದೂರಿಗೆ ಉಡುಪು ಬದಲಾಗುವುದರಿಂದ, ಒಂದೂರಿನ ಲಂಗಕ್ಕೆ ಇನ್ನೊಂದೂರಿನ ಶಿರವಸ್ತ್ರ ಹೊಂದಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ದೆಸೂಲೊದ ಉಡುಪಿನಲ್ಲಿ ಕಡುಗೆಂಪಿನ ಮೇಲೆ ಹಳದಿ, ನೀಲಿ ಅಂಚುಗಳಿದ್ದರೆ, ಓರ್ಗೊಸೊಲೊದ ಗುರುತು ಕೇಸರಿಯಿಂದ ಬಣ್ಣ ಕಟ್ಟಿದ ರೇಷ್ಮೆಯ ಶಿರವಸ್ತ್ರ.

ನಿಜವಾದ ಶ್ರಮವಿರುವುದು ಲಂಗದಲ್ಲಿ. ಮೂಲದಲ್ಲಿ ಅದಕ್ಕೆ ಬಳಸುವುದು ಓರ್ಬಾಚೆ ಎಂಬ ದಟ್ಟ ಉಣ್ಣೆಬಟ್ಟೆ; ಗೊಂಬೆಗೆ ಅದು ತೀರಾ ದಪ್ಪವಾದ್ದರಿಂದ ತೆಳು ಉಣ್ಣೆಬಟ್ಟೆಯನ್ನೇ ತೆಗೆದುಕೊಳ್ಳಿ. ಸೊಂಟದ ಸುತ್ತಳತೆ 15 ಸೆಂ.ಮೀ. ಇದ್ದರೆ ಬಟ್ಟೆಯ ಅಗಲ ಕನಿಷ್ಠ 45 ಸೆಂ.ಮೀ. ಇರಲಿ. ಅಂಚು ಮಡಿಚಿ ಹೊಲಿದ ಮೇಲೆ, 1 ಸೆಂ.ಮೀ. ಅಂತರದ ಅಡ್ಡಸಾಲುಗಳಲ್ಲಿ, ಪ್ರತಿ ಸಾಲಿನ ಹೊಲಿಗೆಯೂ ಮೇಲಿನದರ ನೇರಕ್ಕೆ ಬರುವಂತೆ ಕಚ್ಚಾ ಹೊಲಿಗೆ ಹಾಕಿ, ಎಲ್ಲ ದಾರಗಳನ್ನೂ ಒಟ್ಟಿಗೆ ಎಳೆದು, ನಿರಿಗೆಗಳನ್ನು ಒದ್ದೆ ಮಾಡಿ, ದಾರದಿಂದ ಬಿಗಿಯಾಗಿ ಸುತ್ತಿ ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗುವ ಮೊದಲು ಬಿಚ್ಚಿದರೆ ನಿರಿಗೆ ನಿಲ್ಲುವುದಿಲ್ಲ. ಈ ಆತುರಕ್ಕೆ ನಾನು ಎರಡು ಲಂಗಗಳನ್ನು ತೆತ್ತಿದ್ದೇನೆ.

ಸಡಿಲ ತೋಳಿನ ಬಿಳಿ ಅಂಗಿಯನ್ನೂ ಅದರ ಮೇಲೆ ಬಿಗಿಯಾದ ಕುಪ್ಪಸವನ್ನೂ ತೊಡಿಸಿ. ಕೊರಳಿನ ಬಳಿ ಬರುವ ಬೆಳ್ಳಿತಂತಿಯ ಕುಸುರಿ ಗುಂಡಿಗಳಿಗೆ ಬದಲಾಗಿ ಸಣ್ಣ ಲೋಹದ ಮಣಿಗಳು ಸಾಕು. ಶಿರವಸ್ತ್ರವನ್ನು ಕೊನೆಯಲ್ಲಿ, ಅಂಟು ಬಳಸದೆ, ಎರಡು ಹೊಲಿಗೆಗಳಿಂದ ನಿಲ್ಲಿಸಿ.