ಆಡಿಟ್ ಪತ್ರ ಬಂದರೆ ಮೊದಲು ಕ್ಯಾಲೆಂಡರ್ ನೋಡಿ

ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ನನ್ನದೊಂದು ಫಾರ್ಮಸಿ ಇದೆ. ಕೌಂಟರಿನ ಹಿಂದೆ ನಾನು, ಜೊತೆಗೆ ಇಬ್ಬರು ಟೆಕ್ನಿಷಿಯನ್‌ಗಳು, ಅಷ್ಟೇ. ಮೊದಲ ಸಲ ಆಡಿಟ್ ಪತ್ರ ಫ್ಯಾಕ್ಸಿನಲ್ಲಿ ಬಂದಾಗ ಕೈಕಾಲು ತಣ್ಣಗಾಗಿ, ಅವರು ಕೇಳಿದ ದಿನಕ್ಕೆ, ಕೇಳಿದ ಕಾಗದಕ್ಕೆಲ್ಲ ಹೂಂ ಅಂದುಬಿಟ್ಟೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಅರ್ಧಕ್ಕೆ ಇಲ್ಲ ಅನ್ನುವ ಹಕ್ಕು ನನಗಿತ್ತು. ಹೊಸದಾಗಿ ಅಂಗಡಿ ತೆರೆದಿರುವ ನಮ್ಮವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪತ್ರ ಕಳಿಸುವವರು ಸಾಮಾನ್ಯವಾಗಿ ಪಿಬಿಎಂಗಳು, ಅಂದರೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್‌ಗಳು. ವಿಮಾ ಕಂಪನಿಯ ಪರವಾಗಿ ನಮ್ಮ ಬಿಲ್ಲು ತೀರಿಸುವ ಮಧ್ಯವರ್ತಿಗಳು. ಕೊಟ್ಟ ಹಣ ಸರಿಯಾಗಿತ್ತೇ ಅಂತ ಹಳೆಯ ಕ್ಲೇಮುಗಳನ್ನು, ಅಂದರೆ ನಾವು ವಿಮೆಗೆ ಕಳಿಸಿದ ಬಿಲ್ಲುಗಳನ್ನು, ಕೆದಕುತ್ತಾರೆ, ತಪ್ಪು ಸಿಕ್ಕರೆ ಮುಂದಿನ ಪಾವತಿಯಲ್ಲಿ ಮುರಿದುಕೊಳ್ಳುತ್ತಾರೆ. ಇದಕ್ಕೆ ಲಗಾಮು ಹಾಕಲು ಹೆಚ್ಚಿನ ರಾಜ್ಯಗಳು ಕಾನೂನು ಮಾಡಿವೆ. ನಮ್ಮಲ್ಲಿರುವುದರ ಹೆಸರೇ ಫಾರ್ಮಸಿ ಆಡಿಟ್ ಬಿಲ್ ಆಫ್ ರೈಟ್ಸ್. ನಿಮ್ಮ ರಾಜ್ಯದ್ದು ಬೇರೆ ಇರುತ್ತದೆ, ಅದನ್ನು ಪ್ರಿಂಟ್ ತೆಗೆದು ಫ್ಯಾಕ್ಸ್ ಮೆಷಿನ್ ಪಕ್ಕ ಅಂಟಿಸಿ.

ಪತ್ರ ಕೈಗೆ ಬಂದ ಕೂಡಲೇ ಮೂರು ವಿಷಯ ನೋಡಿ: ಯಾವ ವಿಮಾ ಪ್ಲಾನು, ಆಡಿಟರ್ ಬರುವ ದಿನ ಯಾವುದು, ಕೇಳಿರುವ ಕ್ಲೇಮುಗಳು ಎಷ್ಟು ಹಳೆಯವು. ಮೆಡಿಕೇರ್ ಪಾರ್ಟ್ ಡಿ, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಔಷಧಿ ವಿಮೆ, ಆದರೆ ಅದು ಕೇಂದ್ರ ಸರ್ಕಾರದ್ದು, ರಾಜ್ಯದ ಕಾನೂನನ್ನೇ ನೆಚ್ಚಿಕೊಂಡು ಕೂರಬೇಡಿ. ಅದರ ದಾಖಲೆಗಳನ್ನು 10 ವರ್ಷ ಇಟ್ಟುಕೊಳ್ಳಬೇಕು. ಖಾಸಗಿ ಪ್ಲಾನಾದರೆ ನಮ್ಮ ರಾಜ್ಯದಲ್ಲಿ 2 ವರ್ಷಕ್ಕಿಂತ ಹಿಂದಿನ ಕ್ಲೇಮು ಕೆದಕುವಂತಿಲ್ಲ. ತಿಂಗಳ ಮೊದಲ 7 ದಿನ, ನೀವು ಒಪ್ಪದೆ, ಆಡಿಟ್ ಇಡುವಂತಿಲ್ಲ. ಆ ವಾರ ಅಂಗಡಿ ಜಾತ್ರೆಯಂತಿರುತ್ತದೆ ಅನ್ನುವುದು ಕಾನೂನು ಬರೆದವರಿಗೂ ಗೊತ್ತಿತ್ತು. ಎರಡನೆಯ ಆಡಿಟ್‌ಗೆ ನನಗೆ 3ನೇ ತಾರೀಖು ಕೊಟ್ಟಿದ್ದರು. ಕಾನೂನಿನ ಆ ಸಾಲನ್ನೇ ಉಲ್ಲೇಖಿಸಿ ನಾಲ್ಕು ವಾಕ್ಯ ಬರೆದೆ. ಮರುದಿನವೇ 17ಕ್ಕೆ ಬದಲಾಯಿಸಿದರು, ಒಂದು ಮಾತೂ ಆಡದೆ! ವಂಚನೆಯ ಅನುಮಾನದ ಮೇಲೆ ನಡೆಯುವ ತನಿಖೆಗೆ ಮಾತ್ರ ಈ ರಕ್ಷಣೆ ಯಾವುದೂ ಇಲ್ಲ. ಪತ್ರದಲ್ಲಿ ಆ ಮಾತಿದ್ದರೆ ನೇರ ವಕೀಲರ ಹತ್ತಿರ ಹೋಗಿ.

ಇನ್ನು ಕಾಗದಗಳು. ಕಾನೂನು ನಮಗೆ ದಿನ ಕೊಡುತ್ತದೆ, ಕಾಗದ ಕೊಡುವುದಿಲ್ಲ. ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ಕಳೆಯುವುದು ಇನ್ಸುಲಿನ್‌ನಲ್ಲಿ. 10 ಎಂಎಲ್ ಬಾಟಲಿಯಲ್ಲಿ 1000 ಯೂನಿಟ್. ರೋಗಿಗೆ ದಿನಕ್ಕೆ 40 ಯೂನಿಟ್ ಎಂದರೆ ಅದು 25 ದಿನಕ್ಕೆ ಬರುತ್ತದೆ. ಕ್ಲೇಮಿನಲ್ಲಿ ಅಭ್ಯಾಸಬಲದಿಂದ 30 ದಿನ ಅಂತ ಒತ್ತಿದರೆ ಸಿಕ್ಕಿಬಿದ್ದಿರಿ. ದಿನಕ್ಕೆ 20 ಯೂನಿಟ್ ಆದರೆ ಲೆಕ್ಕಕ್ಕೆ 50 ದಿನ ಬರುತ್ತದೆ, ಆದರೆ ಲ್ಯಾಂಟಸ್‌ನಂಥ ಇನ್ಸುಲಿನ್ ಬಾಟಲಿಯನ್ನು ತೆರೆದ ಮೇಲೆ 28 ದಿನಕ್ಕೆ ಎಸೆಯಬೇಕು. ಚೀಟಿಯಲ್ಲಿ ವೈದ್ಯರು 'ಹೇಳಿದಂತೆ ತೆಗೆದುಕೊಳ್ಳಿ' ಅಂತಷ್ಟೇ ಬರೆದಿದ್ದರೆ ಔಷಧಿ ಕೊಡುವ ಮೊದಲೇ ಅವರ ಆಫೀಸಿಗೆ ಫೋನ್ ಮಾಡಿ, ದಿನಕ್ಕೆ ಗರಿಷ್ಠ ಎಷ್ಟು ಅಂತ ಕೇಳಿ, ಮಾತಾಡಿದವರ ಹೆಸರು ಮತ್ತು ತಾರೀಖು ಸಮೇತ ಚೀಟಿಯ ಮೇಲೆ ಬರೆದಿಡಿ. ಈ ಒಂದು ಅಭ್ಯಾಸ ಬಂದ ಮೇಲೆ ನನ್ನ ರಾತ್ರಿಯ ನಿದ್ದೆ ಸುಧಾರಿಸಿತು.

ಬ್ರ್ಯಾಂಡ್ ಔಷಧಿಯೇ ಬೇಕೆಂದು ವೈದ್ಯರು ಹೇಳಿದ್ದರೆ ಅದೂ ಚೀಟಿಯಲ್ಲಿರಬೇಕು. ಔಷಧಿ ಒಯ್ದವರ ಸಹಿಯ ದಾಖಲೆ, ಹೋಲ್‌ಸೇಲ್‌ನವರ ಇನ್‌ವಾಯ್ಸು, ಇವೂ ಕೈಗೆಟುಕುವಂತಿರಲಿ. ಬಿಲ್ಲು ಮಾಡಿದಷ್ಟು ಮಾತ್ರೆಯನ್ನು ನಿಜಕ್ಕೂ ಕೊಂಡಿದ್ದೀರಾ ಅಂತ ತಾಳೆ ನೋಡುತ್ತಾರೆ.

ಆಡಿಟರ್ ಬಂದಾಗ ಕಾಫಿ ಕೊಡಿ, ಹರಟೆ ಬೇಡ. ಕೇಳಿದ ಚೀಟಿ ಮಾತ್ರ ಕೊಡಿ, ಕೊಟ್ಟ ಪ್ರತಿಯೊಂದಕ್ಕೂ ಒಂದು ನಕಲು ಇಟ್ಟುಕೊಳ್ಳಿ.

ಪ್ರಾಥಮಿಕ ವರದಿ ಬಂದ ಮೇಲೆ ಉತ್ತರಿಸಲು ನಮಗೆ ಕನಿಷ್ಠ 30 ದಿನ ಇರುತ್ತದೆ. ಎಷ್ಟೋ ಜನ ಅದರಲ್ಲಿ ವಾಪಸ್ ಕೇಳಿದ ಮೊತ್ತ ನೋಡಿಯೇ ಸೋತು ಕೂರುತ್ತಾರೆ. ಬೇಡ. ನನ್ನ ಒಂದು ಕ್ಲೇಮಿನಲ್ಲಿ ಫೋನಿನಲ್ಲಿ ಬಂದ ಚೀಟಿಯ ವಿವರ ಪೂರ್ತಿ ಬರೆದಿರಲಿಲ್ಲ. ಪೂರಾ ಹಣ ವಾಪಸ್ ಕೊಡಿ ಅಂದಿದ್ದರು. ವೈದ್ಯರ ಆಫೀಸಿನಿಂದ ಆ ದಿನದ ದಾಖಲೆ ತರಿಸಿ ಲಗತ್ತಿಸಿದೆ. ವೈದ್ಯರ, ಆಸ್ಪತ್ರೆಯ ದಾಖಲೆಯಿಂದ ನಮ್ಮದನ್ನು ಸಮರ್ಥಿಸಿಕೊಳ್ಳಬಹುದೆಂದು ಕಾನೂನಿನಲ್ಲೇ ಇದೆ. ಆ ಕ್ಲೇಮು ಉಳಿಯಿತು. ಟೈಪಿಂಗ್ ತಪ್ಪು, ಕಂಪ್ಯೂಟರ್ ತಪ್ಪು ತಾವಾಗಿಯೇ ವಂಚನೆಯಾಗುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. ಹತ್ತು ಚೀಟಿಯಲ್ಲಿ ತಪ್ಪು ಹಿಡಿದು ಸಾವಿರಕ್ಕೆ ಗುಣಿಸಿದರೆ ಒಪ್ಪಬೇಡಿ. ನೀವಾಗಿ ರಾಜಿಯಾಗದ ಹೊರತು ವಸೂಲಿ ನಿಜವಾಗಿ ಹೆಚ್ಚು ಕೊಟ್ಟ ಹಣಕ್ಕೆ ಮಾತ್ರ.

'ರಾಜ್ಯದ ಕಾನೂನು ನಮಗೆ ತಾಗುವುದಿಲ್ಲ' ಅಂತ ಯಾರಾದರೂ ಫೋನಿನಲ್ಲಿ ಹೇಳಿದರೆ, ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. 2020ರ ಡಿಸೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರ್ಕನ್ಸಾ ರಾಜ್ಯದ ಪಿಬಿಎಂ ಕಾನೂನನ್ನು 8-0 ಮತದಿಂದ ಎತ್ತಿಹಿಡಿಯಿತು. ಅದು ಆಡಿಟ್ ಮೊಕದ್ದಮೆಯಲ್ಲ, ಫಾರ್ಮಸಿಗೆ ಕೊಡುವ ದರದ್ದು. ಆದರೂ ಅದನ್ನು ನೆನಪಿಸಿದರೆ ದನಿ ಸ್ವಲ್ಪ ತಗ್ಗುತ್ತದೆ.

ತಕರಾರಿರುವ ಹಣವನ್ನು ಮೇಲ್ಮನವಿ ಮುಗಿಯುವ ತನಕ ಮುರಿದುಕೊಳ್ಳುವಂತಿಲ್ಲ. ಅದಕ್ಕೇ ಪ್ರತಿ ಪಾವತಿಯ ವಿವರಪಟ್ಟಿಯನ್ನು ಸಾಲುಸಾಲಾಗಿ ಓದಿ. ಅವಧಿಗೆ ಮುಂಚೆ ಕಡಿತ ಕಂಡರೆ ಅದೇ ದಿನ ಅವರಿಗೆ ಬರೆಯಿರಿ, ಒಂದು ಪ್ರತಿ ರಾಜ್ಯದ ವಿಮಾ ಕಮಿಷನರ್ ಕಚೇರಿಗೂ ಹೋಗಲಿ.