ಇಳಿಯುವ ಅಂಕಿ, ಏರುವ ಕಂತು: ರೂಪಾಯಿ–ಯೆನ್ ಪಟ್ಟಿ ಮಾಡಿದ ನನ್ನ ಅನುಭವ

ಮೈಸೂರಿನ ಅಗ್ರಹಾರದಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಮುದ್ರಣಾಲಯ ನಡೆಸುತ್ತಿದ್ದರು. 1985ರ ಆರಂಭದಲ್ಲಿ ಮದರಾಸಿನ ಏಜೆಂಟರೊಬ್ಬರ ಮೂಲಕ ಜಪಾನಿನ ಆಫ್‌ಸೆಟ್ ಯಂತ್ರ ತರಿಸಿದರು. ಬೆಲೆ 60 ಲಕ್ಷ ಯೆನ್. ಆರು ತಿಂಗಳಿಗೊಮ್ಮೆ 10 ಲಕ್ಷ ಯೆನ್‌ನಂತೆ ಆರು ಕಂತು. ಆಗ 100 ಯೆನ್‌ಗೆ ಹೆಚ್ಚುಕಡಿಮೆ 5 ರೂಪಾಯಿ ಇತ್ತು. ಮೂರು ಲಕ್ಷದಲ್ಲಿ ಮುಗಿಯುತ್ತದೆಂದು ನಂಬಿ ಸಹಿ ಹಾಕಿದ್ದರು. 1988ರ ಮಾರ್ಚ್‌ನಲ್ಲಿ ಕೊನೆಯ ಕಂತು ಕಟ್ಟುವ ಹೊತ್ತಿಗೆ 4 ಲಕ್ಷ 80 ಸಾವಿರ ದಾಟಿತ್ತು. ಅಮ್ಮನ ಬಳೆಗಳು ಹೋದದ್ದು ಆಗಲೇ.

ಏಜೆಂಟರು ಮೋಸ ಮಾಡಿದರೆಂದೇ ಅಪ್ಪ ಕೊನೆಯವರೆಗೂ ನಂಬಿದ್ದರು. ಅವರ ಕೈಯಲ್ಲಿದ್ದ ಸಾಕ್ಷಿ ಬ್ಯಾಂಕಿನ ಆರು ಚೀಟಿಗಳು. ಮೊದಲ ಚೀಟಿಯಲ್ಲಿ ದರದ ಜಾಗದಲ್ಲಿ 2,000ಕ್ಕೆ ಸ್ವಲ್ಪ ಕಡಿಮೆ ಅಂಕಿ, ಎರಡನೆಯದರಲ್ಲಿ 1,450ರ ಆಸುಪಾಸು, ಕೊನೆಯದರಲ್ಲಿ ಸಾವಿರಕ್ಕೂ ಕೆಳಗೆ. "ದರ ಅರ್ಧಕ್ಕೆ ಇಳಿದಿದೆ, ಕಂತು ಮಾತ್ರ ಎರಡರಷ್ಟಾಗಿದೆ. ಇದು ಯಾವ ನ್ಯಾಯ?" ಎಂದು ಕೇಳುತ್ತಿದ್ದರು. ಅವರು ಹೋದ ಮೇಲೆ ಲೆಡ್ಜರ್ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು ನಾನು. ಇದನ್ನು ಹಾಗೆಯೇ ಬಿಡಲು ಮನಸ್ಸು ಬರಲಿಲ್ಲ.

ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ರಿಸರ್ವ್ ಬ್ಯಾಂಕಿನ ಹಳೆಯ ಸಂಪುಟಗಳನ್ನು ತೆರೆದು ಕುಳಿತೆ. ಮೊದಲು ಸಿಕ್ಕಿದ್ದು ವಾರ್ಷಿಕ ಸರಾಸರಿ. 1985–86ಕ್ಕೆ 100 ಯೆನ್‌ಗೆ ಸುಮಾರು ಐದೂವರೆ ರೂಪಾಯಿ. ನಮ್ಮ ಎರಡನೆಯ ಕಂತು 1986ರ ಮಾರ್ಚ್‌ನದು, ಅಂದರೆ ಅದೇ ಆರ್ಥಿಕ ವರ್ಷದ ಕೊನೆಯ ತಿಂಗಳದು. ಕಟ್ಟಿದ್ದು ಹತ್ತಿರಹತ್ತಿರ 7 ರೂಪಾಯಿಯ ದರದಲ್ಲಿ. ಒಂದು ಕ್ಷಣ ಅಪ್ಪನ ಮಾತೇ ನಿಜವೆನಿಸಿ ಎದೆ ಧಸಕ್ಕೆಂದಿತು.

ತಪ್ಪು ಸರಾಸರಿಯಲ್ಲಿತ್ತು. 1985ರ ಸೆಪ್ಟೆಂಬರ್ 22ರಂದು ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ, ಫ್ರಾನ್ಸ್ ಮತ್ತು ಬ್ರಿಟನ್ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿ ಡಾಲರಿನ ಬೆಲೆ ಇಳಿಸಲು ಒಪ್ಪಿಕೊಂಡವು. ಆ ತಿಂಗಳ ಆರಂಭದಲ್ಲಿ ಡಾಲರಿಗೆ 240ರ ಸಮೀಪವಿದ್ದ ಯೆನ್ ಮುಂದಿನ ಮಾರ್ಚ್‌ಗೆ 180ರ ಹತ್ತಿರ ಬಂದಿತ್ತು, 1988ರ ಮಾರ್ಚ್‌ಗೆ 130ಕ್ಕೂ ಕೆಳಗೆ. ಅಂದರೆ ಯೆನ್ ದುಬಾರಿಯಾಗುತ್ತ ಹೋಯಿತು. ಅಂತಹ ವರ್ಷಕ್ಕೆ ಸರಾಸರಿ ತೆಗೆದರೆ ಏರುವ ಮೊದಲಿನ ದರವೂ ಏರಿದ ಮೇಲಿನ ದರವೂ ಕಲಸಿಹೋಗುತ್ತವೆ. ಕಂತಿನ ತಿಂಗಳಿಗೆ ಕಂತಿನ ತಿಂಗಳ ದರವೇ ಬೇಕು.

ಆಮೇಲೆ ನಾನು ಹಿಡಿದ ದಾರಿ ಇದು. ರೂಪಾಯಿ ಮತ್ತು ಯೆನ್ ನಡುವಿನ ಹಳೆಯ ದರವನ್ನು ನೇರವಾಗಿ ಹುಡುಕುವುದನ್ನು ಬಿಟ್ಟೆ. ಒಂದು ಕಂಬಸಾಲಿನಲ್ಲಿ ಡಾಲರಿಗೆ ಎಷ್ಟು ರೂಪಾಯಿ, ಪಕ್ಕದಲ್ಲಿ ಅದೇ ತಿಂಗಳು ಡಾಲರಿಗೆ ಎಷ್ಟು ಯೆನ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ 100 ಯೆನ್‌ನ ಬೆಲೆ. ಈ ನೂರನ್ನು ಮರೆಯಬಾರದು. ನಮ್ಮಲ್ಲಿ ಯೆನ್ ದರವನ್ನು ಪ್ರಕಟಿಸುವುದೇ ನೂರರ ಲೆಕ್ಕದಲ್ಲಿ. ಕೊನೆಯ ಕಂಬಸಾಲಿನಲ್ಲಿ ಅದು ತಿಂಗಳ ಸರಾಸರಿಯೇ, ತಿಂಗಳ ಕೊನೆಯ ದರವೇ, ಬ್ಯಾಂಕು ಮಾರಿದ ದರವೇ ಎಂದು ಬರೆದೆ. ಆ ಮಾತು ಪಕ್ಕದಲ್ಲಿಲ್ಲದ ದರವನ್ನು ನಾನು ಈಗ ಪಟ್ಟಿಗೆ ಸೇರಿಸುವುದೇ ಇಲ್ಲ.

ಆರು ಕಂತುಗಳಿಗೆ ಬಂದ ಉತ್ತರ: ಸುಮಾರು 5, 6.9, 8.2, 8.5, 9.1, 10.2 ರೂಪಾಯಿ. ನಾವು ಕಟ್ಟಿದ್ದು ಇದಕ್ಕಿಂತ ಅಲ್ಪಸ್ವಲ್ಪ ಹೆಚ್ಚು. ಬ್ಯಾಂಕು ವಿದೇಶಿ ಹಣ ಮಾರುವಾಗ ಇಟ್ಟುಕೊಳ್ಳುವ ಅಂಚು ಅದು.

ಹಾಗಾದರೆ ಚೀಟಿಯಲ್ಲಿ ಅಂಕಿ ಇಳಿದದ್ದೇಕೆ? ಇದಕ್ಕೇ ನನಗೆ ಎರಡು ವಾರ ಹಿಡಿಯಿತು. 1993ರ ಆಗಸ್ಟ್‌ವರೆಗೆ ನಮ್ಮ ಬ್ಯಾಂಕುಗಳು ದರವನ್ನು ತಿರುಗಿಸಿ ಬರೆಯುತ್ತಿದ್ದವು: 100 ರೂಪಾಯಿಗೆ ಎಷ್ಟು ವಿದೇಶಿ ಹಣ ಎಂದು. 2,000 ಎಂದರೆ ನೂರು ರೂಪಾಯಿಗೆ 2,000 ಯೆನ್. ಅದು 980ಕ್ಕೆ ಇಳಿದರೆ ಇಳಿದದ್ದು ನಮ್ಮ ರೂಪಾಯಿಯ ಶಕ್ತಿ. ಅಪ್ಪನಿಗೆ ಇದನ್ನು ಬ್ಯಾಂಕಿನಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೈ ಹಾಕಿದ ಮೇಲೆ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಬೆಳೆಸಿದೆ. 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಎಂಬುದು ಸ್ಥಿರ, ಆದ್ದರಿಂದ ಕೆಲಸ ಸುಲಭ. ಡಾಲರಿಗೆ 4.76 ರೂಪಾಯಿ ಇದ್ದಾಗ 100 ಯೆನ್‌ಗೆ 1 ರೂಪಾಯಿ 32 ಪೈಸೆ. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿ ಡಾಲರಿಗೆ 7.50 ಮಾಡಿದ ಮೇಲೆ 2 ರೂಪಾಯಿ 8 ಪೈಸೆ. ಆ ವರ್ಷವನ್ನು ಎರಡು ಸಾಲಾಗಿ ಒಡೆಯಲೇಬೇಕು. 1991ರ ಜುಲೈ ಕೂಡ ಹಾಗೆಯೇ: 1ರಂದು ಒಮ್ಮೆ, 3ರಂದು ಮತ್ತೊಮ್ಮೆ ರೂಪಾಯಿಯ ಬೆಲೆ ಇಳಿಸಲಾಯಿತು. 1995ರ ಏಪ್ರಿಲ್‌ನಲ್ಲಿ ಡಾಲರಿಗೆ 80 ಯೆನ್ ಮುಟ್ಟಿದಾಗ 100 ಯೆನ್‌ಗೆ ಸುಮಾರು 39 ರೂಪಾಯಿ. ನಮ್ಮ ಕಂತುಗಳು ಆ ವರ್ಷದವರೆಗೆ ಎಳೆದಿದ್ದರೆ ಯಂತ್ರದ ಜೊತೆ ಮನೆಯೂ ಹೋಗುತ್ತಿತ್ತು.

ಚೀಟಿಗಳನ್ನೂ ಪಟ್ಟಿಯನ್ನೂ ಚಿಕ್ಕಪ್ಪನ ಮುಂದೆ ಇಟ್ಟೆ. ಅವರಿಗೆ ಈಗ ಎಂಬತ್ತು ದಾಟಿದೆ. ನನ್ನ ವಿವರಣೆಯನ್ನು ಅರ್ಧಕ್ಕೇ ನಿಲ್ಲಿಸಿ ಪೆನ್ಸಿಲ್ ತೆಗೆದುಕೊಂಡು ಕೊನೆಯ ಚೀಟಿಯ ಭಾಗಾಕಾರವನ್ನು ತಾವೇ ಮಾಡಿದರು. ಉತ್ತರ ಚೀಟಿಯ ಮೊತ್ತಕ್ಕೆ ಹೊಂದಿತು. "ಉಳಿದ ಐದನ್ನೂ ಕೊಡು" ಎಂದರು. ಆರೂ ಮುಗಿದ ಮೇಲೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, "ಆ ಏಜೆಂಟರ ಮಕ್ಕಳು ಎಲ್ಲಿದ್ದಾರೆ ವಿಚಾರಿಸು, ಒಂದು ಕಾಗದ ಬರೆಯೋಣ" ಎಂದರು. ವಿಳಾಸ ಹುಡುಕುತ್ತಿದ್ದೇನೆ.